ದೃಷ್ಟಿ 6/9ಕ್ಕೆ ಬಂತು, ಆಳ ಯಾಕೆ ಕಾಣುತ್ತಿಲ್ಲ?

ಪ್ರಶ್ನೆ: ನನ್ನ ಮಗಳಿಗೆ ಎಂಟು ವರ್ಷ. ನಾಲ್ಕೂವರೆ ವರ್ಷವಿದ್ದಾಗ ಎಡಗಣ್ಣು ಸೋಮಾರಿ ಕಣ್ಣು, ಅಂದರೆ ಮಿದುಳು ಅದರ ಚಿತ್ರವನ್ನು ಸರಿಯಾಗಿ ಬಳಸಿಕೊಳ್ಳುತ್ತಿಲ್ಲ ಎಂದು ಗೊತ್ತಾಯಿತು. ಬಲಗಣ್ಣಿಗೆ +1, ಎಡಗಣ್ಣಿಗೆ +5 ಪವರ್ ಇತ್ತು. ಕನ್ನಡಕ ಹಾಕಿಸಿ, ಎಡಗಣ್ಣು ಕೆಲಸ ಮಾಡಲೆಂದು ಎರಡು ವರ್ಷ ಬಲಗಣ್ಣಿಗೆ ಪ್ಯಾಚ್ ಅಂಟಿಸಿ ಮುಚ್ಚಿದೆವು. 6/36 ಇದ್ದ ಎಡಗಣ್ಣಿನ ದೃಷ್ಟಿ ಈಗ 6/9 ಆಗಿದೆ. ಕಳೆದ ಸಲ ಡಾಕ್ಟರು ಕಪ್ಪು ಕನ್ನಡಕ ಹಾಕಿಸಿ ನೊಣದ ಚಿತ್ರವಿರುವ ಪುಸ್ತಕ ತೋರಿಸಿದರು. ನೊಣದ ರೆಕ್ಕೆ ಹಿಡಿದಳು, ಪ್ರಾಣಿಗಳ ಮೊದಲ ಸಾಲಿನಲ್ಲಿ ಮುಂದೆ ಬಂದಿದ್ದನ್ನೂ ಹೇಳಿದಳು. ಉಳಿದಿದ್ದೆಲ್ಲ ಊಹೆ. ಚೀಟಿಯಲ್ಲಿ ‘400 ಸೆಕೆಂಡ್, ಸೂಕ್ಷ್ಮ ಮೆಳ್ಳೆಗಣ್ಣು’ ಎಂದು ಬರೆದಿದ್ದಾರೆ. ಮನೆಯಲ್ಲಿ ನೀರು ಬಗ್ಗಿಸಿದರೆ ಲೋಟದ ಪಕ್ಕಕ್ಕೆ ಹೋಗುತ್ತದೆ, ಚೆಂಡು ಹಿಡಿಯಲು ಬರುವುದಿಲ್ಲ, ಹೊಸ ಜಾಗದಲ್ಲಿ ಮೆಟ್ಟಿಲು ಇಳಿಯುವಾಗ ಕಾಲಲ್ಲಿ ತಡಕುತ್ತಾಳೆ. ನಾವು ಪ್ಯಾಚ್ ಸರಿಯಾಗಿ ಹಾಕಲಿಲ್ಲವೇ? ತಡ ಮಾಡಿದೆವೇ? ಇನ್ನಷ್ಟು ಗಂಟೆ ಹಾಕಿದರೆ ಆಳ ಬರುತ್ತದೆಯೇ? ವಿಆರ್ (ವರ್ಚುವಲ್ ರಿಯಾಲಿಟಿ) ಕನ್ನಡಕದ ಆಟಗಳಿಂದ ವಾಸಿಯಾಗುತ್ತದೆ ಎನ್ನುತ್ತಾರೆ, ನಿಜವೇ? ಅವಳು ದೊಡ್ಡವಳಾದ ಮೇಲೆ ರಸ್ತೆ ದಾಟುವುದು, ಗಾಡಿ ಓಡಿಸುವುದು ಹೇಗೆ? ಅವಳಿಗೆ ಎರಡು ವರ್ಷದ ತಮ್ಮನೂ ಇದ್ದಾನೆ.

ಉತ್ತರ: ನಿಮ್ಮ ಪ್ಯಾಚ್ ಸೋತಿಲ್ಲ. ಬೇರೆಲ್ಲ ಮಾತಿಗೂ ಮೊದಲು ಇದನ್ನು ಹೇಳಿಬಿಡುತ್ತೇನೆ, ಏಕೆಂದರೆ ನೀವು ಕೇಳಿದ ಐದಾರು ಪ್ರಶ್ನೆಗಳಲ್ಲೂ ಈ ಒಂದೇ ಸಂಕಟ ಕಾಣುತ್ತಿದೆ. 6/36 ಎಂದರೆ ಸಾಮಾನ್ಯ ಕಣ್ಣು 36 ಮೀಟರ್ ದೂರದಿಂದ ಓದುವ ಅಕ್ಷರವನ್ನು 6 ಮೀಟರ್ ಹತ್ತಿರ ಬಂದು ಓದುವುದು; ಅಲ್ಲಿಂದ 6/9ಕ್ಕೆ ಬರುವುದು ಸಣ್ಣ ಮಾತಲ್ಲ. ಅದರ ಹಿಂದೆ ಎಷ್ಟು ಬೆಳಗಿನ ಅಳು, ಎಷ್ಟು ಕಿತ್ತು ಬಿಸಾಡಿದ ಪ್ಯಾಚ್‌ಗಳು ಇರುತ್ತವೆ ಎಂದು ನನಗೆ ಗೊತ್ತು.

ಆದರೆ ಪ್ಯಾಚ್‌ಗೆ ವಹಿಸಿದ್ದು ಒಂದು ಕಣ್ಣಿನ ಕೆಲಸ. ಆಳ ಕಾಣುವುದು ಎರಡು ಕಣ್ಣು ಕೂಡಿ ಮಾಡುವ ಕೆಲಸ. ಗೋಡೆಯ ಮೇಲಿನ ಅಕ್ಷರದ ಚಾರ್ಟ್ ಮೊದಲನೆಯದನ್ನು ಅಳೆಯುತ್ತದೆ, ನೊಣದ ಪುಸ್ತಕ ಎರಡನೆಯದನ್ನು. ಒಂದರಲ್ಲಿ ಪಾಸಾದವರು ಇನ್ನೊಂದರಲ್ಲೂ ಪಾಸಾಗಲೇಬೇಕೆಂದಿಲ್ಲ. ಇದನ್ನು ಚಿಕಿತ್ಸೆ ಶುರುವಾದ ದಿನವೇ ತಂದೆತಾಯಿಗೆ ಹೇಳಬೇಕು. ನಾವು ಕಣ್ಣಿನ ವೈದ್ಯರು ಬಹಳ ಸಲ ಹೇಳುವುದಿಲ್ಲ. ಪ್ರತಿ ಭೇಟಿಯಲ್ಲೂ ಎಷ್ಟು ಸಾಲು ಏರಿತು ಎಂದು ಎಣಿಸುವುದರಲ್ಲೇ ವರ್ಷಗಳು ಕಳೆದುಹೋಗುತ್ತವೆ, ಕೊನೆಗೆ ತಾಯಿ ಲೋಟದ ಪಕ್ಕ ಚೆಲ್ಲಿದ ನೀರು ಒರೆಸುತ್ತಾ ತನ್ನಿಂದೇನು ತಪ್ಪಾಯಿತು ಎಂದು ಯೋಚಿಸುತ್ತಾಳೆ.

ನೀವೇ ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡಿದು, ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ. ಹೆಬ್ಬೆರಳು ಹಿಂದಿನ ಗೋಡೆಯ ಮೇಲೆ ಆಚೀಚೆ ಜಿಗಿಯುತ್ತದೆ. ಎರಡು ಕಣ್ಣುಗಳ ನಡುವೆ ಸುಮಾರು ಆರು ಸೆಂಟಿಮೀಟರ್ ಅಂತರ ಇರುವುದರಿಂದ ಎರಡಕ್ಕೂ ಸಿಗುವ ಚಿತ್ರ ಚೂರು ಬೇರೆ. ಆ ಚೂರು ವ್ಯತ್ಯಾಸವನ್ನೇ ಮಿದುಳು ಆಳವಾಗಿ ಓದಿಕೊಳ್ಳುತ್ತದೆ. 1838ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟೋನ್ ಕನ್ನಡಿಗಳ ಒಂದು ಉಪಕರಣದಿಂದ, ಎರಡು ಚಪ್ಪಟೆ ಚಿತ್ರಗಳನ್ನು ಎರಡು ಕಣ್ಣಿಗೆ ಬೇರೆಬೇರೆಯಾಗಿ ತೋರಿಸಿದರೆ ಆಳ ಎದ್ದು ಬರುತ್ತದೆಂದು ತೋರಿಸಿಕೊಟ್ಟರು. ನಿಮ್ಮ ಮಗಳು ಹಾಕಿಕೊಂಡ ಕಪ್ಪು ಕನ್ನಡಕ ಮಾಡುವುದೂ ಅಷ್ಟೇ ಕೆಲಸ. ಈಗ ಒಂದು ಕಣ್ಣು ಮುಚ್ಚಿಕೊಂಡು, ಒಂದು ಕೈಯಲ್ಲಿ ಪೆನ್ನು, ಇನ್ನೊಂದು ಕೈಯಲ್ಲಿ ಅದರ ಮುಚ್ಚಳ ಹಿಡಿದು, ಎರಡೂ ಕೈ ಮುಂದೆ ಚಾಚಿ, ಪಕ್ಕದಿಂದ ತಂದು ಮುಚ್ಚಳ ಹಾಕಲು ನೋಡಿ. ಮೊದಲ ಸಲ ತಪ್ಪುತ್ತದೆ. ನಿಮ್ಮ ಮಗಳು ಲೋಟಕ್ಕೆ ನೀರು ಬಗ್ಗಿಸುವುದು ಹೆಚ್ಚುಕಡಿಮೆ ಹೀಗೆ. ಅವಳದು ಅಜಾಗರೂಕತೆಯಲ್ಲ.

ಹಾಗಾದರೆ ಎಡಗಣ್ಣು ಈಗ ಚೆನ್ನಾಗಿ ಕಾಣುತ್ತಿದ್ದರೂ ಈ ಲೆಕ್ಕ ಯಾಕೆ ಕೂಡುತ್ತಿಲ್ಲ? ಮಿದುಳಿನ ಹಿಂಭಾಗದಲ್ಲಿ, ಕಣ್ಣಿನಿಂದ ಬಂದ ಸುದ್ದಿ ಮೊದಲು ತಲುಪುವ ಜಾಗದಲ್ಲಿ, ಎರಡೂ ಕಣ್ಣಿಗೆ ಸ್ಪಂದಿಸುವ ಜೀವಕೋಶಗಳಿವೆ. ಹುಟ್ಟುವಾಗ ಅವುಗಳ ತಂತು ಜೋಡಣೆ ಅರೆಬರೆ. ಮಗುವಿಗೆ ಮೂರರಿಂದ ಐದು ತಿಂಗಳಾಗುವ ಹೊತ್ತಿಗೆ ಆಳದ ನೋಟ ಕಾಣಿಸಿಕೊಳ್ಳುತ್ತದೆ, ಆಮೇಲೆ ಹಲವು ವರ್ಷ ಹದವಾಗುತ್ತಾ ಹೋಗುತ್ತದೆ. ಆ ಕಾಲದಲ್ಲಿ ಎರಡೂ ಕಣ್ಣಿನಿಂದ ಒಂದೇ ಜಾಗದ, ಒಂದೇ ಸ್ಪಷ್ಟತೆಯ ಚಿತ್ರ ಒಟ್ಟಿಗೆ ಬರುತ್ತಿರಬೇಕು. ಬರದಿದ್ದರೆ ಆ ಕೋಶಗಳು ಒಂದೇ ಕಣ್ಣಿನ ಕಡೆ ವಾಲಿಬಿಡುತ್ತವೆ.

ನರವಿಜ್ಞಾನಿಗಳಾದ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸಲ್ 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಮೇಲೆ ಮಾಡಿದ ಕೆಲಸದಿಂದ ನಮಗಿದು ತಿಳಿಯಿತು; 1981ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಒಂದು ಕಣ್ಣು ಮುಚ್ಚಿ ಬೆಳೆಸಿದ ಮರಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಿಮಗೆ ಬೇಕಾದ್ದು ಅವರ 1965ರ ಇನ್ನೊಂದು ಪ್ರಯೋಗ. ಅದರಲ್ಲಿ ಯಾವ ಕಣ್ಣನ್ನೂ ಮುಚ್ಚಿರಲಿಲ್ಲ, ಮರಿಗಳಿಗೆ ಕೃತಕವಾಗಿ ಮೆಳ್ಳೆಗಣ್ಣು ಮಾತ್ರ ಮಾಡಿದ್ದರು. ಎರಡು ಕಣ್ಣೂ ಮಿದುಳಿಗೆ ಚೆನ್ನಾಗಿಯೇ ಸುದ್ದಿ ಕಳಿಸುತ್ತಿದ್ದವು. ಆದರೆ ಎರಡೂ ಕಣ್ಣಿಗೆ ಸ್ಪಂದಿಸುವ ಕೋಶಗಳು ತೀರ ಕಡಿಮೆಯಾಗಿದ್ದವು. ಒಂದೊಂದೇ ಕಣ್ಣು ಚುರುಕಾಗಿದ್ದೂ ಜೊತೆಗಾರಿಕೆ ಇಲ್ಲದಿರಲು ಸಾಧ್ಯ ಎಂಬುದು ಅಲ್ಲೇ ಇದೆ. ಪ್ಯಾಚ್ ಮುಗಿಸಿದ ಎಷ್ಟೋ ಮಕ್ಕಳಲ್ಲಿ ನಾವು ನೋಡುವುದೂ ಇದನ್ನೇ.

ಈಗ ಆ 400ರ ಮಾತು. ಈ ‘ಸೆಕೆಂಡ್’ ಗಡಿಯಾರದ್ದಲ್ಲ, ಕೋನದ ಅಳತೆ. ಒಂದು ಡಿಗ್ರಿಯಲ್ಲಿ 3600 ಸೆಕೆಂಡ್. ಸಂಖ್ಯೆ ಚಿಕ್ಕದಾದಷ್ಟೂ ಆಳದ ನೋಟ ಸೂಕ್ಷ್ಮ. ಈ ಪುಸ್ತಕದಲ್ಲಿ ಕೊನೆಯ ಮೆಟ್ಟಿಲು 40 ಸೆಕೆಂಡ್, ಅದನ್ನು ಮುಟ್ಟಿದರೆ ಸಾಮಾನ್ಯ ಎನ್ನುತ್ತೇವೆ. ಓದುವ ದೂರಕ್ಕೆ, ಅಂದರೆ 40 ಸೆಂಟಿಮೀಟರ್‌ಗೆ ಲೆಕ್ಕ ಹಾಕಿದರೆ 40 ಸೆಕೆಂಡ್ ಎಂದರೆ ಸುಮಾರು ಅರ್ಧ ಮಿಲಿಮೀಟರ್ ಆಳದ ವ್ಯತ್ಯಾಸ. 400 ಎಂದರೆ ಸುಮಾರು ಅರ್ಧ ಸೆಂಟಿಮೀಟರ್. ನಿಮ್ಮ ಮಗಳಿಗೆ ಆಳ ಕಾಣುವುದಿಲ್ಲ ಎಂದಲ್ಲ; ಅವಳ ಅಳತೆಗೋಲಿನಲ್ಲಿ ದಪ್ಪ ಗೆರೆಗಳಿವೆ, ಸಣ್ಣ ಗೆರೆಗಳಿಲ್ಲ. ಸೂಜಿಗೆ ದಾರ ಪೋಣಿಸುವಲ್ಲಿ ಇದು ತೊಡಕು. ಬಾಗಿಲ ಹಿಡಿಕೆ ಹಿಡಿಯುವಲ್ಲಿ ಏನೂ ಅಲ್ಲ.

ಪರೀಕ್ಷೆಯ ಬಗ್ಗೆ ಒಂದು ಮಾತು ಸೇರಿಸಬೇಕು. ನೊಣದ ಪುಸ್ತಕದಲ್ಲಿ ದೊಡ್ಡ ಚಿತ್ರಗಳನ್ನು ಜಾಣ ಮಕ್ಕಳು ಆಳ ಕಾಣದೆಯೂ ಗುರುತಿಸಿಬಿಡುತ್ತಾರೆ, ಏಕೆಂದರೆ ಮುಂದೆ ಬರಬೇಕಾದ ಚಿತ್ರ ಕೊಂಚ ಪಕ್ಕಕ್ಕೆ ಸರಿದಂತೆ ಇರುತ್ತದೆ. ಆದ್ದರಿಂದ ನಾನು ಉತ್ತರಕ್ಕಿಂತ ಬೆರಳು ನೋಡುತ್ತೇನೆ. ಆಳ ಕಂಡ ಮಗುವಿನ ಹೆಬ್ಬೆರಳು, ತೋರುಬೆರಳು ಪುಟದಿಂದ ಮೇಲೆ, ಗಾಳಿಯಲ್ಲಿ ರೆಕ್ಕೆಯನ್ನು ಚಿವುಟಲು ಹೋಗುತ್ತವೆ. ಕೆಲವರು ಹೆದರಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಆಳ ಕಾಣದ ಮಗು ಬೆರಳನ್ನು ನೇರ ಪುಟಕ್ಕೇ ಒತ್ತಿ ‘ಹಿಡಿದೆ’ ಎನ್ನುತ್ತದೆ. ನಿಮ್ಮ ಮಗಳ ಬೆರಳು ಎಲ್ಲಿ ನಿಂತಿತ್ತು ಎಂದು ನೆನಪು ಮಾಡಿಕೊಳ್ಳಿ. ಮುಂದಿನ ಭೇಟಿಯಲ್ಲಿ ಚುಕ್ಕಿಗಳ ಪರೀಕ್ಷೆಯನ್ನೂ ಮಾಡಲು ಕೇಳಿ. ಅದರಲ್ಲಿ ಕಾಣುವುದು ಬರೀ ಚೆಲ್ಲಾಪಿಲ್ಲಿ ಚುಕ್ಕಿ. ಎರಡೂ ಕಣ್ಣು ಕೂಡಿದರೆ ಮಾತ್ರ ಅದರೊಳಗಿನ ಆಕಾರ ಮೇಲೆ ಬರುತ್ತದೆ. ವಿಜ್ಞಾನಿ ಬೇಲಾ ಯೂಲೆಶ್ 1960ರ ಸುಮಾರಿಗೆ ರೂಪಿಸಿದ ಬಗೆ ಇದು, ಒಂದೇ ಕಣ್ಣಿನಿಂದ ಊಹಿಸಲು ಏನೂ ಸುಳಿವು ಇರುವುದಿಲ್ಲ.

‘ಸೂಕ್ಷ್ಮ ಮೆಳ್ಳೆಗಣ್ಣು’ ಎಂಬ ಪದ ನೋಡಿ ಶಸ್ತ್ರಚಿಕಿತ್ಸೆಯ ಚಿಂತೆ ಬೇಡ. ಎರಡು ಕಣ್ಣಿನ ಪವರ್‌ನಲ್ಲಿ ಇಷ್ಟು ಅಂತರವಿದ್ದ ಮಕ್ಕಳಲ್ಲಿ ಇದು ಸಾಮಾನ್ಯ. ಫೋಟೋದಲ್ಲೂ ಕಾಣದಷ್ಟು ಕೊಂಚ ಓರೆ ಇರುತ್ತದೆ. ನೋಟದ ನಟ್ಟನಡುವಿನ ಒಂದು ಚೂರು ಜಾಗದಲ್ಲಿ ಎಡಗಣ್ಣಿನ ಚಿತ್ರವನ್ನು ಮಿದುಳು ಕೈಬಿಡುತ್ತದೆ, ಸುತ್ತಲಿನ ಭಾಗದಲ್ಲಿ ಎರಡನ್ನೂ ಕೂಡಿಸಿಕೊಳ್ಳುತ್ತದೆ. ಸೂಕ್ಷ್ಮ ಆಳ ಹುಟ್ಟುವುದು ಆ ನಡುವಿನಿಂದ, ಒರಟು ಆಳ ಸುತ್ತಲಿನಿಂದ. ಅವಳಲ್ಲಿ ಒಂದು ಇದೆ, ಇನ್ನೊಂದು ಇಲ್ಲ. ಇರುವ ಆ ಒರಟು ಕೂಡಿಕೆ ತುಂಬ ಬೆಲೆಯುಳ್ಳದ್ದು, ಏಕೆಂದರೆ ಕಣ್ಣುಗಳು ಇನ್ನಷ್ಟು ಓರೆಯಾಗದಂತೆ ಹಿಡಿದಿಟ್ಟಿರುವುದೂ ಅದೇ. ಹುಟ್ಟಿದ ಕೆಲವೇ ತಿಂಗಳಲ್ಲಿ ದೊಡ್ಡ ಮೆಳ್ಳೆಗಣ್ಣು ಬಂದ ಮಕ್ಕಳಲ್ಲಿ ಬಹಳ ಸಲ ಇಷ್ಟೂ ಇರುವುದಿಲ್ಲ. ಪವರ್ ಅಂತರದಿಂದ ಸೋಮಾರಿಯಾದ ಕಣ್ಣಿನವರ ಸ್ಥಿತಿ ಸಾಮಾನ್ಯವಾಗಿ ಅವರಿಗಿಂತ ಮೇಲು.

ತಡ ಮಾಡಿದೆವೇ ಎಂದು ಕೇಳಿದ್ದೀರಿ. ಎರಡು ಕಣ್ಣೂ ನೆಟ್ಟಗೆ ಕಾಣುವ ಮಗುವಿನ ಒಂದು ಕಣ್ಣಿಗೆ +5 ಇದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ವೈದ್ಯನಾದ ನನ್ನ ಮನೆಯಲ್ಲೂ ಪರೀಕ್ಷೆ ಮಾಡದೆ ಗೊತ್ತಾಗುತ್ತಿರಲಿಲ್ಲ. ಮಗು ದೂರು ಹೇಳುವುದಿಲ್ಲ. ಅದಕ್ಕೆ ಬೇರೆ ತರಹದ ನೋಟವೇ ಗೊತ್ತಿಲ್ಲ. ಬಲಗಣ್ಣು ಇಡೀ ಮನೆಯನ್ನು ನಡೆಸಿಕೊಂಡು ಹೋಗುತ್ತಿರುತ್ತದೆ. ನಾಲ್ಕೂವರೆಗೆ ಸಿಕ್ಕಿದ್ದರಿಂದಲೇ 6/9 ಬಂತು. ಎಡಗಣ್ಣಿನ ಚಿತ್ರ ಮಂಜಾಗಿದ್ದ ಕಾಲ ಅದಕ್ಕೂ ಮೊದಲಿನದು, ಬಹುಶಃ ಮೊದಲೆರಡು ವರ್ಷದ್ದು. ಅದು ನಿಮ್ಮ ಕೈಯಲ್ಲಿ ಇರಲಿಲ್ಲ.

ಇನ್ನಷ್ಟು ಗಂಟೆ ಪ್ಯಾಚ್ ಹಾಕಿದರೆ ಆಳ ಬರುವುದಿಲ್ಲ. ಪ್ಯಾಚ್ ಇರುವಷ್ಟು ಹೊತ್ತು ಎರಡು ಕಣ್ಣು ಕೂಡಿ ನೋಡುವ ಅವಕಾಶವೇ ಇರುವುದಿಲ್ಲ. ದೃಷ್ಟಿಗೂ ಸಹ ಗಂಟೆ ಹೆಚ್ಚಿದಷ್ಟು ಲಾಭ ಹೆಚ್ಚುವುದಿಲ್ಲ: ಮಧ್ಯಮ ತೀವ್ರತೆಯ ಸೋಮಾರಿ ಕಣ್ಣಿಗೆ ದಿನಕ್ಕೆ 2 ಗಂಟೆಯ ಪ್ಯಾಚ್, 6 ಗಂಟೆಯಷ್ಟೇ ಫಲ ಕೊಟ್ಟಿತೆಂದು 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು. ಹಾಗೆಂದು ನೀವೇ ನಿಲ್ಲಿಸಲೂ ಬೇಡಿ. ಚಿಕಿತ್ಸೆ ನಿಂತ ಒಂದು ವರ್ಷದೊಳಗೆ ಹೆಚ್ಚುಕಡಿಮೆ ಕಾಲು ಭಾಗ ಮಕ್ಕಳಲ್ಲಿ ದೃಷ್ಟಿ ಮತ್ತೆ ಕುಸಿಯುತ್ತದೆ. ನಿಲ್ಲಿಸಿದ ಮೇಲೂ ಭೇಟಿಗಳು ತಪ್ಪಬಾರದು.

ಎರಡು ಕಣ್ಣಿನ ಜೊತೆಗಾರಿಕೆಗೆ ನೀವು ಮಾಡಬಹುದಾದ ಅತಿ ದೊಡ್ಡ ಉಪಕಾರ ಕನ್ನಡಕ. ಎದ್ದಾಗಿನಿಂದ ಮಲಗುವವರೆಗೆ. ಪ್ಯಾಚ್ ಬಗ್ಗೆ ಅಷ್ಟು ಶಿಸ್ತಿನಿಂದ ಇದ್ದವರೂ ಅದು ಮುಗಿದ ಮೇಲೆ ಕನ್ನಡಕದಲ್ಲಿ ಸಡಿಲ ಬಿಡುತ್ತಾರೆ, ನನಗೆ ಬೇಸರವಾಗುವುದು ಇಲ್ಲೇ. ಕನ್ನಡಕ ತೆಗೆದ ಕ್ಷಣ ಎಡಗಣ್ಣು ಮತ್ತೆ ಮಂಜು, ಮಿದುಳು ಅದನ್ನು ಮತ್ತೆ ಪಕ್ಕಕ್ಕೆ ಸರಿಸುತ್ತದೆ. ಡಾಕ್ಟರ ಬಳಿ ಇನ್ನೊಂದು ವಿಷಯ ಕೇಳಿ. +5ರ ಗಾಜು ಚಿತ್ರವನ್ನು ದೊಡ್ಡದು ಮಾಡುತ್ತದೆ, +1ರ ಗಾಜು ಅಷ್ಟು ಮಾಡುವುದಿಲ್ಲ. ಎರಡು ಕಣ್ಣಿಗೆ ಎರಡು ಗಾತ್ರದ ಚಿತ್ರ ಸಿಕ್ಕರೆ ಕೂಡಿಸುವುದು ಕಷ್ಟ. ಕಾಂಟ್ಯಾಕ್ಟ್ ಲೆನ್ಸ್ ಹಾಕಿದರೆ ಕೆಲವು ಮಕ್ಕಳಲ್ಲಿ ಈ ಅಂತರ ಕಡಿಮೆಯಾಗುತ್ತದೆ. ಎಂಟು ವರ್ಷದ ಹುಡುಗಿಗೆ ಅದು ಹೊಂದುತ್ತದೆಯೇ ಎಂಬುದು ಅವಳ ಕಣ್ಣು, ಅವಳ ಸ್ವಭಾವ, ನಿಮ್ಮ ಮನೆಯ ದಿನಚರಿ ನೋಡಿ ತೀರ್ಮಾನಿಸಬೇಕಾದ್ದು.

ವಿಆರ್ ಆಟಗಳ ವಿಷಯ. ಒಳ್ಳೆಯ ಕಣ್ಣಿಗೆ ಚಿತ್ರವನ್ನು ಮಸುಕಾಗಿಸಿ, ಸೋಮಾರಿ ಕಣ್ಣಿಗೆ ಗಾಢವಾಗಿ ತೋರಿಸಿ, ಎರಡೂ ಕಣ್ಣು ಸೇರಿದರೆ ಮಾತ್ರ ಆಟ ಅಥವಾ ಸಿನಿಮಾ ಪೂರ್ತಿಯಾಗುವಂತೆ ಮಾಡುವುದು ಇದರ ಹಿಂದಿನ ವಿಚಾರ. ವಿಚಾರ ಸರಿಯಾಗಿದೆ, ನನಗೂ ಇದರ ಮೇಲೆ ಭರವಸೆಯಿದೆ. 2021ರಿಂದ ಈಚೆಗೆ ಅಮೆರಿಕದಲ್ಲಿ ಇಂಥ ಕೆಲವು ಸಾಧನಗಳಿಗೆ ಅನುಮತಿಯೂ ಸಿಕ್ಕಿದೆ. ಆದರೆ ಅವು ತೋರಿಸಿರುವ ಲಾಭ ಮುಖ್ಯವಾಗಿ ಅಕ್ಷರದ ಸಾಲಿನದು. ಆಳದ ನೋಟ ಕೆಲವರಲ್ಲಿ ಸುಧಾರಿಸುತ್ತದೆ, ಕೆಲವರಲ್ಲಿ ಅಲುಗುವುದೂ ಇಲ್ಲ. ‘ಇಷ್ಟು ದಿನದಲ್ಲಿ 3ಡಿ ಕಾಣಿಸುತ್ತೇವೆ’ ಎಂದು ಮಾತು ಕೊಡುವವರ ಹತ್ತಿರ ಹೋಗಬೇಡಿ.

ಮೊಬೈಲ್ ನೋಡಿ ಮನೆಯಲ್ಲೇ ಶುರು ಮಾಡುವ ಕಣ್ಣಿನ ವ್ಯಾಯಾಮಗಳಿಗೂ ಇದೇ ಎಚ್ಚರ, ಕಾರಣ ಇನ್ನೂ ಗಂಭೀರ. ಮಿದುಳು ಒಂದು ಕಣ್ಣಿನ ಚಿತ್ರವನ್ನು ಕೈಬಿಟ್ಟಿರುವುದು ಎರಡೆರಡು ಕಾಣದಿರಲಿ ಎಂದು. ಕೂಡಿಸುವ ಶಕ್ತಿ ಇಲ್ಲದ ಕಡೆ ಆ ತಡೆಯನ್ನು ಮಾತ್ರ ಒಡೆದುಹಾಕಿದರೆ ಎಲ್ಲವೂ ಎರಡಾಗಿ ಕಾಣಲು ಶುರುವಾಗಿ ನಿಲ್ಲದೇ ಹೋಗಬಹುದು. ಅಪರೂಪ, ಆದರೆ ಬಂದರೆ ಬದುಕು ದುಸ್ತರ. ಮೊದಲು ಅಳೆದು, ನಡುನಡುವೆ ಮತ್ತೆ ಅಳೆಯುವವರ ಕೈಯಲ್ಲಿ ಮಾತ್ರ ಅಂಥ ಅಭ್ಯಾಸ ನಡೆಯಬೇಕು.

ಬಾಗಿಲು ಪೂರ್ತಿ ಮುಚ್ಚಿಹೋಗಿದೆಯೇ ಎಂದರೆ, ಇಲ್ಲ. ಅಮೆರಿಕದ ನರವಿಜ್ಞಾನಿ ಸೂಸನ್ ಬ್ಯಾರಿ ಅವರಿಗೆ ಹಸುಗೂಸಾಗಿದ್ದಾಗಲೇ ಮೆಳ್ಳೆಗಣ್ಣು, ಬಾಲ್ಯದಲ್ಲಿ ಮೂರು ಶಸ್ತ್ರಚಿಕಿತ್ಸೆ. 48ನೇ ವಯಸ್ಸಿನಲ್ಲಿ ದೃಷ್ಟಿ ತರಬೇತಿ ಪಡೆಯುತ್ತಿದ್ದಾಗ ಒಂದು ದಿನ ಕಾರಿನಲ್ಲಿ ಕೂತರೆ, ಸ್ಟೀರಿಂಗ್ ಚಕ್ರ ಮುಂದಕ್ಕೆ ಬಂದು ಗಾಳಿಯಲ್ಲಿ ನಿಂತಂತೆ ಕಂಡಿತು. ಇದು ಎಲ್ಲರಿಗೂ ಆಗುತ್ತದೆಂದು ನಾನು ಹೇಳಲಾರೆ, ಆಗುವುದಿಲ್ಲ. ಆದರೆ ಎಂಟನೇ ವಯಸ್ಸಿನಲ್ಲಿ 400 ಇರುವ ಮಗುವಿನ ಕೊನೆಯ ಸಂಖ್ಯೆ ಅದೇ ಎಂದು ಬರೆದುಕೊಡುವುದೂ ತಪ್ಪು. ಅವಳು ಇನ್ನೂ ಬೆಳೆಯುತ್ತಿದ್ದಾಳೆ. ಆರು ತಿಂಗಳಿಗೊಮ್ಮೆ ಅಳೆಸಿ, ಸಂಖ್ಯೆಯನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ.

ರಸ್ತೆಯ ಭಯಕ್ಕೆ ಬರುತ್ತೇನೆ. ಎರಡು ಕಣ್ಣಿನ ಆಳದ ನೋಟ ಹತ್ತಿರದ ಕೆಲಸದ ಸಾಧನ. ದೂರ ಹೆಚ್ಚಿದಂತೆ ಅದರ ಬಲ ವೇಗವಾಗಿ ಕುಗ್ಗುತ್ತದೆ: ದೂರ ಎರಡು ಪಟ್ಟಾದರೆ ಬಲ ಕಾಲು ಭಾಗ. 40 ಸೆಕೆಂಡ್‌ನ ಒಳ್ಳೆಯ ನೋಟವಿರುವವರಿಗೂ 40 ಮೀಟರ್ ದೂರದ ಎರಡು ವಾಹನಗಳ ನಡುವೆ ಸುಮಾರು ಐದು ಮೀಟರ್ ಅಂತರವಿದ್ದರೆ ಮಾತ್ರ ಅದರಿಂದ ಹಿಂದುಮುಂದು ಗೊತ್ತಾಗುತ್ತದೆ. ಬರುವ ಗಾಡಿ ಎಷ್ಟು ದೂರವಿದೆ ಎಂದು ನೀವೂ ನಾನೂ ಅಳೆಯುವುದು ಅದರ ಗಾತ್ರದಿಂದ, ಗಾತ್ರ ಬೆಳೆಯುವ ವೇಗದಿಂದ, ಯಾವುದು ಯಾವುದನ್ನು ಮರೆಮಾಡುತ್ತಿದೆ ಎಂಬುದರಿಂದ, ನೆರಳಿನಿಂದ, ನಮ್ಮ ತಲೆ ಅಲುಗಿದಾಗ ಹತ್ತಿರದ್ದು ಬೇಗ ದೂರದ್ದು ನಿಧಾನ ಸರಿಯುವುದರಿಂದ. ಇವೆಲ್ಲ ಒಂದೇ ಕಣ್ಣಿಗೆ ಸಿಗುವ ಸುಳಿವುಗಳು, ನಿಮ್ಮ ಮಗಳು ಇವುಗಳಲ್ಲಿ ನಮಗಿಂತ ನುರಿತವಳೇ ಇರಬಹುದು. ವಿಮಾನ ನಡೆಸುವಂಥ ಕೆಲವು ಕೆಲಸಗಳಿಗೆ ಆಳದ ನೋಟವನ್ನು ಪ್ರತ್ಯೇಕವಾಗಿ ಪರೀಕ್ಷಿಸುವುದುಂಟು. ಅವಳಿಗೆ ಅಂಥ ಆಸೆ ಇದ್ದರೆ ಹದಿನೈದರ ಹೊತ್ತಿಗಾದರೂ ವಿಷಯ ತಿಳಿದಿರಲಿ.

ಮೆಟ್ಟಿಲು ಮಾತ್ರ ನಿಜವಾದ ತೊಡಕು. ಒಂದೇ ಬಣ್ಣದ ಕಲ್ಲು, ಮಂದ ಬೆಳಕು, ಅಂಚು ಎಲ್ಲಿ ಮುಗಿಯಿತು ಎಂದು ಹೇಳುವ ಸುಳಿವೇ ಇಲ್ಲ. ಅವಳು ಕಾಲಲ್ಲಿ ತಡಕುವುದು ಬುದ್ಧಿವಂತಿಕೆ, ಅವಸರಪಡಿಸಬೇಡಿ. ನಿಮ್ಮ ಮನೆಯಲ್ಲಿ ಮೆಟ್ಟಿಲಿದ್ದರೆ ಅಂಚಿಗೆ ಬೇರೆ ಬಣ್ಣದ ಪಟ್ಟಿ ಅಂಟಿಸಿ, ಬೆಳಕು ಪಕ್ಕದಿಂದ ಬೀಳುವಂತೆ ಮಾಡಿ, ನೆರಳೇ ದಾರಿ ತೋರಿಸುತ್ತದೆ. ನೀರು ಬಗ್ಗಿಸುವಾಗ ಜಗ್ಗಿನ ಮೂತಿಯನ್ನು ಲೋಟದ ಬಾಯಿಗೆ ತಾಗಿಸಿ ಆಮೇಲೆ ಬಾಗಿಸಲು ಹೇಳಿಕೊಡಿ. ಗಾಜಿನ ಲೋಟದ ಬದಲು ಗಾಢ ಬಣ್ಣದ್ದು ಕೊಡಿ. ಇಷ್ಟೇ ಬದಲಾವಣೆಗೆ ಒಂದು ವಾರದಲ್ಲಿ ಚೆಲ್ಲುವುದು ನಿಂತ ಮಕ್ಕಳನ್ನು ನೋಡಿದ್ದೇನೆ. ಒಬ್ಬ ಹುಡುಗಿ ಮರುಭೇಟಿಗೆ ಬಂದವಳು, ಕೇಳುವ ಮೊದಲೇ ನನ್ನ ಮೇಜಿನ ಮೇಲಿದ್ದ ಲೋಟಕ್ಕೆ ಬಾಟಲಿಯ ಬಾಯಿ ತಾಗಿಸಿ ನೀರು ತುಂಬಿಸಿ, ಒಂದು ಹನಿ ಚೆಲ್ಲದೆ ನನ್ನ ಮುಂದಿಟ್ಟಳು.

ಚೆಂಡಿಗೆ ಬಲೂನಿನಿಂದ ಶುರು ಮಾಡಿ. ಬಲೂನು ನಿಧಾನ ಬರುತ್ತದೆ, ಲೆಕ್ಕ ಹಾಕಲು ಸಮಯ ಸಿಗುತ್ತದೆ. ಆಮೇಲೆ ನೆಲದ ಮೇಲೆ ಉರುಳಿಸಿದ ದೊಡ್ಡ ಚೆಂಡು, ಆಮೇಲೆ ಒಮ್ಮೆ ಪುಟಿದು ಬರುವುದು, ಕೊನೆಗೆ ನೇರ ಎಸೆತ. ಗಾಢ ಬಣ್ಣದ ಚೆಂಡು, ಹಿಂದೆ ಖಾಲಿ ಗೋಡೆ. ಮಣಿ ಪೋಣಿಸುವುದು, ಕತ್ತರಿ ಕೆಲಸ, ಸಣ್ಣ ಇಟ್ಟಿಗೆಗಳನ್ನು ಜೋಡಿಸುವುದೂ ಒಳ್ಳೆಯವು. ಇವುಗಳಿಂದ ಆ 400 ಇಳಿಯುತ್ತದೆಂದು ಹೇಳುತ್ತಿಲ್ಲ, ಕೈ ಕಲಿಯುತ್ತದೆ. ಅವಳ ಶಿಕ್ಷಕರಿಗೆ ನಾಲ್ಕು ಸಾಲು ಬರೆದು ಕೊಡಿ: ಆಟದಲ್ಲಿ ತಂಡ ಆರಿಸುವಾಗ ಅವಳು ಯಾವಾಗಲೂ ಕೊನೆಗೆ ಉಳಿಯುವುದಕ್ಕೆ ಕಾರಣ ಸೋಮಾರಿತನ ಅಲ್ಲವೆಂದು ಅವರಿಗೆ ತಿಳಿದಿರಲಿ. ಕನ್ನಡಕದ ಗಾಜು ಸುಲಭಕ್ಕೆ ಒಡೆಯದ ಪಾಲಿಕಾರ್ಬೊನೇಟ್‌ನದ್ದಾಗಿರಲಿ. ಬಲಗಣ್ಣಿಗೆ ಪೆಟ್ಟು ಬೀಳಬಾರದು.

ಇನ್ನು ತಮ್ಮ. ಅಕ್ಕನಿಗೆ ಇದ್ದರೆ ಅವನಿಗೂ ಇರುವ ಸಾಧ್ಯತೆ ಬೇರೆ ಮಕ್ಕಳಿಗಿಂತ ಹೆಚ್ಚು, ಶಾಲೆಗೆ ಸೇರುವವರೆಗೆ ಕಾಯಬೇಡಿ. ಎರಡು ವರ್ಷಕ್ಕೆ ಅಕ್ಷರ ಬರಬೇಕಾಗಿಲ್ಲ, ಏನು ಕಾಣುತ್ತದೆಂದು ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ. ಪಾಪೆ ಹಿಗ್ಗಿಸುವ ಹನಿ ಹಾಕಿ, ಕಣ್ಣಿಗೆ ಬೆಳಕಿನ ಗೆರೆ ಬಿಟ್ಟು, ಅದು ಹೇಗೆ ಸರಿಯುತ್ತದೆ ಎಂದು ನೋಡಿಯೇ ಎರಡೂ ಕಣ್ಣಿನ ಪವರ್ ಅಳೆಯುತ್ತೇವೆ. ಅವನು ನಿಮ್ಮ ತೊಡೆಯ ಮೇಲೆ ಕೂತಿದ್ದರೆ ಸಾಕು. ಹನಿಯಿಂದ ಒಂದು ದಿನ ಬೆಳಕು ಚುಚ್ಚುತ್ತದೆ, ಟೋಪಿ ತೆಗೆದುಕೊಂಡು ಹೋಗಿ. ಮಗಳ ಮುಂದಿನ ಭೇಟಿಯ ದಿನವೇ ಅವನನ್ನೂ ಜೊತೆಗೆ ಕರೆದೊಯ್ಯಿರಿ.